ಎದುರು ದಿಕ್ಕಿಗೆ ಹರಿದ ಗ್ಯಾಸು

ಏಪ್ರಿಲ್ 9, ಭಾನುವಾರ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಮನೆಯವರು ಹೇಗಿದ್ದಾರೆ? ನನ್ನ ಮಗಳು ಹೇಗಿದ್ದಾಳೆ? ಹೆತ್ತವಳು ನೀನೇ ಇರಬಹುದು, ಆದರೆ ದೊಡ್ಡಮ್ಮ ಅಂತ ಕರೆಸಿಕೊಂಡ ಮೇಲೆ ನನಗೂ ಒಂದು ಪಾಲು ಇದ್ದೇ ಇದೆ. ಇಷ್ಟರಲ್ಲಿ ನಿನ್ನ ಭುಜಕ್ಕೆ ಬಂದಿರಬೇಕು. ಅಮ್ಮ ಅವಳಿಗೆ ಅಂತ ಹೆಣೆದ ಸ್ವೆಟರು ಬೀರುವಿನಲ್ಲೇ ಚಿಕ್ಕದಾಗುತ್ತಾ ಬಿದ್ದಿದೆ.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈದುಕೋಬೇಡ. ನದಿಯ ಸೇತುವೆ ಮುಚ್ಚಿದ ಮೇಲೆ ಅಂಚೆ ನಿಂತಿತು, ಫೋನೂ ನಿಂತಿತು. ನಮ್ಮ ಅಡುಗೆಮನೆ ಕಿಟಕಿಯಲ್ಲಿ ನಿಂತರೆ ಆ ದಡದಲ್ಲಿ ನಿಮ್ಮ ಗ್ಯಾಸು ಸ್ಟೇಷನ್ನಿನ ಹೊಗೆಕೊಳವೆ ಕಾಣುತ್ತದೆ. ಕಾಗದ ಮಾತ್ರ ಎರಡು ದೇಶ ಸುತ್ತಿ ಬರಬೇಕು. ಇದನ್ನು ಸೋದರತ್ತೆಯ ಮಗನಿಗೆ ಕಳಿಸುತ್ತಿದ್ದೇನೆ. ಅವನು ತನ್ನೂರಿನಿಂದ ಬೇರೆ ಲಕೋಟೆಗೆ ಹಾಕಿ ನಿನಗೆ ರವಾನಿಸುತ್ತಾನಂತೆ. ‘ಈ ವಯಸ್ಸಿಗೆ ಅಕ್ಕತಂಗಿಯರ ಮಧ್ಯೆ ದಲ್ಲಾಳಿ ಕೆಲಸ ಸಿಕ್ತಲ್ಲ’ ಅಂತ ಫೋನಿನಲ್ಲಿ ನಗುತ್ತಿದ್ದ. ಮಧ್ಯದಲ್ಲಿ ಯಾರಾದರೂ ಒಡೆದು ಓದಿದರೆ ಓದಲಿ ಬಿಡು. ಸಂತೋಷದ ಸುದ್ದಿ, ಅವರ ಹೊಟ್ಟೆಯೂ ತಣ್ಣಗಾಗಲಿ.

ಸುದ್ದಿ ಏನೆಂದರೆ, ನಾವು ಗೆದ್ದೆವು ಪುಟ್ಟಿ. ನಿಮ್ಮ ಕಡೆಯಿಂದ ಬರುತ್ತಿದ್ದ ಗ್ಯಾಸು ನಿಂತು ಒಂದು ಇಡೀ ಚಳಿಗಾಲ ಕಳೆಯಿತು, ಆದರೂ ಊರು ಉಳಿದಿದೆ. ಗಾಜಿನ ಕಾರ್ಖಾನೆಯ ದೊಡ್ಡ ಕುಲುಮೆ ಉರಿಯುತ್ತಿದೆ. ಔಷಧಿಯ ಸೀಸೆಗಳು ಮೊದಲಿನ ಹಾಗೇ ಲಾರಿ ಹತ್ತುತ್ತಿವೆ. ಇದಕ್ಕೆಲ್ಲ ಕಾರಣಳಾದ ಹೆಂಗಸು ಯಾರು ಅಂತ ಪತ್ರಿಕೆಯಲ್ಲಿ ಫೋಟೋ ಹಾಕಿದ್ದರು. ಆ ಫೋಟೋದಲ್ಲಿ ನನ್ನ ಕಣ್ಣು ಅರ್ಧ ಮುಚ್ಚಿತ್ತು. ಅಮ್ಮ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ, ಬಂದವರಿಗೆಲ್ಲ ‘ನಿದ್ದೆಗೆಟ್ಟು ಕೆಲಸ ಮಾಡಿದಾಳೆ, ಅದಕ್ಕೆ ಹಾಗೆ ಕಾಣ್ತಾಳೆ’ ಅಂತ ತಾನೇ ಸಮಜಾಯಿಷಿ ಕೊಡುತ್ತಾಳೆ.

ಮೊದಲಿನಿಂದ ಹೇಳುತ್ತೇನೆ, ಕೇಳು.

ಅಪ್ಪ ಮತ್ತು ಅವನ ಜೊತೆಗಾರರು ನದಿಯ ಅಡಿಯಲ್ಲಿ ಆ ಪೈಪು ಬೆಸೆದಾಗ ಎರಡೂ ದೇಶ ಹೆಗಲಿಗೆ ಕೈ ಹಾಕಿಕೊಂಡಿದ್ದವು. ಎರಡೂ ದಡದ ಸ್ಟೇಷನ್ನುಗಳಿಗೆ ಒಂದೇ ಕಂಪನಿ. ನಾವಿಬ್ಬರೂ ಅಲ್ಲೇ ಸೇರಿದೆವು. ನೀನು ಆ ದಡದ ಫಿಟ್ಟರನ್ನು ಮೆಚ್ಚಿ ಮದುವೆಯಾಗಿ ಅಲ್ಲೇ ಉಳಿದೆ, ನಾನು ಈ ದಡದಲ್ಲಿ. ನಿಮ್ಮ ಯಂತ್ರ ಗ್ಯಾಸನ್ನು ತಳ್ಳುವುದು, ನಮ್ಮದು ಅಳೆದು ಮುಂದಕ್ಕೆ ಕಳಿಸುವುದು, ಅದು ಊರೂರು ದಾಟಿ ಸಮುದ್ರದ ಬಂದರಿನವರೆಗೆ ಹೋಗುವುದು. ಇದು ಹೀಗೇ ನಡೆದುಕೊಂಡು ಹೋಗುತ್ತದೆ ಅಂದುಕೊಂಡಿದ್ದೆವು. ಆಮೇಲೆ ಎಲ್ಲೋ ದೂರದ ಇಬ್ಬರಿಗೆ ಯುದ್ಧ ಹತ್ತಿತು. ನಮ್ಮ ಸರಕಾರ ಒಬ್ಬರ ಪಕ್ಕ ನಿಂತಿತು, ನಿಮ್ಮ ಸರಕಾರ ಇನ್ನೊಬ್ಬರ ಪಕ್ಕ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ನಮ್ಮ ಗತಿ ಹಾಗಾಯಿತು. ವಿಚಿತ್ರ ಅಂದರೆ ಇಲ್ಲಿ ಗಂಡ ಹೆಂಡಿರ ಮುಖವನ್ನೂ ನಾವು ನೋಡಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ನಮ್ಮ ಕಡೆ ಮೀಟರಿನ ಮುಳ್ಳು ಇಳಿಯತೊಡಗಿತು. ಮೀಟರೇ ಕೆಟ್ಟಿರಬೇಕು ಅಂತ ಬೆರಳಲ್ಲಿ ತಟ್ಟಿದೆ. ಇಳಿಯುತ್ತಲೇ ಹೋಯಿತು. ಮಾರನೆಯ ದಿನ ನಿಮ್ಮ ಇಲಾಖೆಯಿಂದ ನಮ್ಮ ಇಲಾಖೆಗೆ ದುರಸ್ತಿ ಕೆಲಸ ಅಂತ ಸಂದೇಶ ಬಂತಂತೆ. ವಾರ ಕಳೆದ ಮೇಲೆ ಬೆಲೆಯ ತಕರಾರು ಅಂದರು. ಆಮೇಲೆ ಏನೂ ಅನ್ನಲಿಲ್ಲ.

ನಿನಗೆ ನೆನಪಿರಬೇಕು, ಬಂದರಿನಲ್ಲಿ ದ್ರವ ಗ್ಯಾಸಿನ ಹಡಗು ನಿಲ್ಲುವ ಒಂದು ಕಟ್ಟೆ ಬೇಕು, ಹಡಗಿನಲ್ಲಿ ಬಂದದ್ದನ್ನು ಮತ್ತೆ ಗ್ಯಾಸು ಮಾಡಿ ಇದೇ ಪೈಪಿನಲ್ಲಿ ಹಿಂದಕ್ಕೆ ತರುವ ಹಾಗಿರಬೇಕು ಅಂತ ನಾನು ವರ್ಷಗಟ್ಟಲೆ ಬಡಬಡಿಸಿದವಳು. ಹಬೆಯಾಡುವ ಚಹಾ ಕುಡಿಸಿ ಕಳಿಸುತ್ತಿದ್ದರೇ ಹೊರತು ಯಾರೂ ಬಂಡವಾಳ ಹಾಕಲಿಲ್ಲ. ಅವರ ಮಾತಿನಲ್ಲೂ ನ್ಯಾಯ ಇತ್ತು. ಪಕ್ಕದ ಮನೆಯ ನಲ್ಲಿಯಲ್ಲಿ ಅಗ್ಗದ ನೀರು ಸುರಿಯುತ್ತಿರುವಾಗ ಯಾರು ಬಾವಿ ತೋಡುತ್ತಾರೆ? ಅದೇ ಯೋಜನೆಗೆ ಈಗ ರೆಕ್ಕೆ ಬಂತು. ನನ್ನ ಅಷ್ಟೂ ವರ್ಷದ ಗೋಗರೆತಕ್ಕೆ ಆಗದ್ದು ಆ ಮುಳ್ಳು ಇಳಿದ ಒಂದು ಮಧ್ಯಾಹ್ನಕ್ಕೆ ಆಯಿತು.

ಇಲಾಖೆಯ ಕಾರ್ಯದರ್ಶಿಯವರು ನನ್ನನ್ನು ರಾಜಧಾನಿಗೆ ಕರೆಸಿದರು. ಕಡ್ಡಿಯಂಥ ಹೆಂಗಸು, ಮಾತು ಅದಕ್ಕಿಂತ ತೆಳು. ಎಲ್ಲವನ್ನೂ ಓದಿಕೊಂಡೇ ಕೂತಿದ್ದರು. ಪೈಪು ತಿರುಗಿಸೋಕೆ ಎಷ್ಟು ದಿನ ಬೇಕು ಅಂದರು. ಚಳಿಗಾಲ ಮುಗಿಯುವುದರೊಳಗೆ ಅಂದೆ. ‘ಮುಗಿಯೋದರೊಳಗೆ ಅಂದ್ರೆ ಜನ ಹೆಪ್ಪುಗಟ್ಟಿ ಆದ್ಮೇಲೆ. ಮಧ್ಯಕ್ಕೇ ಬೇಕು’ ಅಂದರು. ಆಗಲಿ ಅಂದುಬಿಟ್ಟೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದೆ.

ಬ್ಯಾಂಕಿನವರನ್ನು ಒಪ್ಪಿಸುವುದು ಉಳಿದಿತ್ತು. ಉದ್ದನೆಯ ಮೇಜು, ಸುತ್ತ ಇಸ್ತ್ರಿ ಮುಖಗಳು. ಅವರಲ್ಲಿ ಹಿರಿಯರೊಬ್ಬರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡೇ ಕನ್ನಡಕ ಹುಡುಕುವ ಥರದವರು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

‘ಎಲ್ಲಾ ಸರಿ ತಾಯಿ. ಆದ್ರೆ ನಾಳೆ ಯುದ್ಧ ನಿಂತು, ಅವರು ಮತ್ತೆ ಅಗ್ಗದ ಗ್ಯಾಸ್ ಬಿಟ್ರೆ? ಆಗ ಈ ಕಟ್ಟೆ, ಈ ಹಡಗು, ಇವನ್ನೆಲ್ಲ ಏನ್ಮಾಡ್ತೀರಿ?’

ಪುಟ್ಟಿ, ಅವರ ಮುಂದಿದ್ದ ಹಾಳೆಯಲ್ಲಿ ಅಪಾಯಗಳು ಅಂತ ಬರೆದ ಕಡೆ ಬಿರುಗಾಳಿ, ಹಡಗಿನ ವಿಮೆ, ಬಡ್ಡಿ ಏರಿಕೆ ಇವುಗಳ ಕೆಳಗೆ ‘ಶಾಂತಿ’ ಅಂತಲೂ ಇತ್ತು. ಶಾಂತಿಯನ್ನು ನಷ್ಟದ ಬಾಬ್ತಿನಲ್ಲಿ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನೀನು ಆ ದಡದಲ್ಲಿದ್ದೀಯ, ಶಾಂತಿ ಬರಲಿ ಅಂತ ಹಗಲೂ ಇರುಳೂ ಬೇಡುವವಳು ನಾನು. ಅದೇ ಬಂದರೆ ಏನು ಗತಿ ಅಂತ ನನ್ನನ್ನೇ ಕೇಳುತ್ತಿದ್ದಾರೆ.

‘ಶಾಂತಿ ಬಂದ್ರೆ ಅವರ ಹತ್ರಾನೂ ಕೊಳ್ತೀವಿ’ ಅಂದೆ. ‘ಆದ್ರೆ ಆಗ ಬೆಲೆ ಅವರೊಬ್ಬರೇ ಹೇಳಲ್ಲ. ಎರಡು ಬಾಗಿಲಿರೋ ಮನೆಯವರನ್ನ ಒಂದು ಬಾಗಿಲಲ್ಲಿ ನಿಂತು ಹೆದರಿಸೋಕಾಗಲ್ಲ ಸಾರ್. ಈ ಕಟ್ಟೆ ಒಂದು ದಿನವೂ ಕೆಲಸ ಮಾಡದೆ ಸುಮ್ಮನೆ ನಿಂತಿದ್ರೂ ನಮಗೆ ದುಡಿದುಕೊಡುತ್ತೆ.’

ಅವರು ಕನ್ನಡಕ ಹಣೆಯಿಂದ ಇಳಿಸಿ ನನ್ನನ್ನು ನೋಡಿದರು. ಊಟದ ವಿರಾಮದ ನಂತರ ಒಪ್ಪಿಗೆ ಬಂತು. ರೈಲಿನಲ್ಲಿ ವಾಪಸು ಬರುವಾಗ ನಾನು ಕಿಟಕಿಗೆ ತಲೆಯಾನಿಸಿ ಅತ್ತೆ. ಖುಷಿಗೋ ಇನ್ನೇನಕ್ಕೋ, ಎದುರು ಕೂತಿದ್ದ ಅಜ್ಜ ಕೇಳಿಯೂ ಕೇಳದವನಂತೆ ಒಂದು ಕಿತ್ತಳೆ ಸುಲಿದು ಅರ್ಧ ಕೊಟ್ಟ.

ಆಮೇಲೆ ಕೆಲಸ ಅಂದರೆ ಕೆಲಸ. ಪೈಪು ತಿರುಗಿಸುವುದು ಅಂದರೆ ಅಂಗಿ ಮಗುಚಿ ಹಾಕಿಕೊಂಡ ಹಾಗಲ್ಲ ಅಂತ ನಿನಗೆ ಹೇಳಬೇಕೆ? ಇಷ್ಟು ವರ್ಷ ಒಂದೇ ದಿಕ್ಕಿಗೆ ಬಾಯಿ ತೆರೆದ ವಾಲ್ವುಗಳು, ಒಂದೇ ದಿಕ್ಕಿಗೆ ಅಳೆಯುವ ಮೀಟರುಗಳು. ದಾರಿಯುದ್ದಕ್ಕೂ ಇರುವ ಪ್ರತಿ ಸ್ಟೇಷನ್ನಿನಲ್ಲೂ ಬಿಚ್ಚಿ, ತಿರುಗಿಸಿ, ಬೆಸೆದು, ಪರೀಕ್ಷೆ ಮಾಡಬೇಕು. ನಮ್ಮ ಬೆಸುಗೆಯವರು ಹಿಮದಲ್ಲಿ ಟಾರ್ಪಾಲು ಕಟ್ಟಿಕೊಂಡು ಒಳಗೆ ಕೂತು ಬೆಸೆದರು. ಅವರ ಮುಖ್ಯಸ್ಥ, ನೀನು ‘ಗೊಣಗಣ್ಣ’ ಅಂತ ಹೆಸರಿಟ್ಟಿದ್ದೆಯಲ್ಲ, ಅವನೇ, ಗೊಣಗುವುದನ್ನು ಬಿಟ್ಟುಬಿಟ್ಟ. ಅದನ್ನು ನೋಡಿಯೇ ನನಗೆ ಪರಿಸ್ಥಿತಿ ಎಷ್ಟು ಗಂಭೀರ ಅಂತ ಅರ್ಥವಾಯಿತು.

ಊರಿನವರನ್ನು ಮರೆತು ಈ ಕಥೆ ಹೇಳಿದರೆ ಪಾಪ ಬರುತ್ತದೆ. ಪೈಪಿನಲ್ಲಿ ಉಳಿದ ಅಷ್ಟಿಷ್ಟು ಗ್ಯಾಸು ಯಾರಿಗೆ ಅಂತ ಪುರಸಭೆಯಲ್ಲಿ ಸಭೆ ಸೇರಿತು. ಜಗಳವಾಗುತ್ತದೆ ಅಂತ ಪೊಲೀಸರೂ ಬಂದು ನಿಂತಿದ್ದರು. ಶಾಲೆಯ ಹೆಡ್‌ಮಾಸ್ಟರು ಎದ್ದು, ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳಲಿ, ಆಸ್ಪತ್ರೆಗೆ ಕೊಡಿ ಅಂದರು. ಲಾಂಡ್ರಿಯವಳು ತನ್ನ ಪಾಲು ಬಿಟ್ಟಳು. ಬೇಕರಿಯವನು ಸೌದೆ ಒಲೆಗೆ ಹಿಂತಿರುಗಿದ, ಬ್ರೆಡ್ಡಿಗೆ ಹೊಗೆ ವಾಸನೆ ಬಂತು, ಈಗ ಜನ ಅದೇ ಬೇಕು ಅನ್ನುತ್ತಾರೆ. ಹೀಗೆ ಉಳಿದದ್ದು ಆಸ್ಪತ್ರೆಗೂ ಕಾರ್ಖಾನೆಯ ದೊಡ್ಡ ಕುಲುಮೆಗೂ ಹೋಯಿತು. ಸಾಲದ್ದಕ್ಕೆ ನಿನ್ನ ಭಾವ ಎಣ್ಣೆಯ ಬರ್ನರು ಹಚ್ಚಿ ಕುಲುಮೆಯ ಜೀವ ಹಿಡಿದರು. ಗಾಜು ಮಾಡುವಷ್ಟು ಕಾವಿಲ್ಲ, ಸಾಯದಿರುವಷ್ಟು ಕಾವು. ಕಾಯಿಲೆ ಮಗುವಿನ ಪಕ್ಕ ಕೂತ ಹಾಗೆ ಅದರ ಪಕ್ಕ ಕೂತಿರುತ್ತಿದ್ದರು. ಊಟದ ಡಬ್ಬಿ ತಗೊಂಡು ಹೋದರೆ ಕೈ ತೊಳೆಯಲು ಎದ್ದು ಹೋಗುವಾಗಲೂ ಹಿಂತಿರುಗಿ ನೋಡುತ್ತಿದ್ದರು.

ಅಮ್ಮನ ಕಥೆ ಕೇಳು. ಮನೆಯಲ್ಲಿ ಒಂದೇ ಕೋಣೆ ಬೆಚ್ಚಗೆ ಇಟ್ಟುಕೊಂಡು ಮೂವರೂ ಅಲ್ಲೇ ಮಲಗುತ್ತಿದ್ದೆವು. ಅಪ್ಪನ ಹಳೇ ಕೋಟು ಮೇಲೆ ತನ್ನ ಕೋಟು, ಅದರ ಮೇಲೆ ಶಾಲು, ಅಮ್ಮ ಬಟ್ಟೆ ಅಂಗಡಿಯ ಹಾಗೆ ಓಡಾಡುತ್ತಿದ್ದಳು. ‘ನಿಮ್ಮಪ್ಪ ಬೆಸೆದ ಪೈಪು ಕಣೇ, ಸೋರಿಲ್ಲ, ತುಕ್ಕು ಹಿಡಿದಿಲ್ಲ. ಮನುಷ್ಯರೇ ತುಕ್ಕು ಹಿಡಿದ್ರು’ ಅಂತ ಒಂದು ದಿನ ಅಂದಳು. ಅಷ್ಟೇ, ಮತ್ತೆ ಆ ಮಾತು ಎತ್ತಲಿಲ್ಲ.

ಎಲ್ಲ ಸಿದ್ಧವಾಗುತ್ತಾ ಬಂತು ಅನ್ನುವಾಗ ಒಂದು ಪೆಟ್ಟು ಬಿತ್ತು. ನಮಗೆ ಅಂತ ಹೊರಟಿದ್ದ ಹಡಗು ಸಮುದ್ರದ ಮಧ್ಯದಲ್ಲಿ ಮುಖ ತಿರುಗಿಸಿಬಿಟ್ಟಿತು. ದೂರದ ಒಂದು ಶ್ರೀಮಂತ ದೇಶ ಅದೇ ಸರಕಿಗೆ ದೊಡ್ಡ ಬೆಲೆ ಕೊಟ್ಟಿತಂತೆ. ಮಾರುವವನಿಗೆ ಕರಾರು ಮುರಿದ ದಂಡ ಕಟ್ಟಿದರೂ ಲಾಭವೇ. ಇಡೀ ಜಗತ್ತು ಒಂದೇ ಅಂಗಡಿ ಬಾಗಿಲಲ್ಲಿ ನೂಕಾಡುತ್ತಿರುವಾಗ ಗಿಡ್ಡನೆಯವನ ಚೀಲ ಯಾರು ತುಂಬುತ್ತಾರೆ? ಅವತ್ತು ಕಂಟ್ರೋಲ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೊಣಗಣ್ಣ ಮೆತ್ತಗೆ ಗೊಣಗಲು ಶುರು ಮಾಡಿದ.

ಕಾರ್ಯದರ್ಶಿಯವರ ಕೈಚಳಕ ಕಂಡಿದ್ದು ಆಗಲೇ. ನಮ್ಮ ಹಾಗೇ ಗ್ಯಾಸು ಕಳೆದುಕೊಂಡ ಸಣ್ಣ ದೇಶಗಳು ಇನ್ನೂ ಎರಡು ಇದ್ದವಲ್ಲ, ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಹೋಗಿ ಒಬ್ಬರ ಮೇಲೊಬ್ಬರು ಬೆಲೆ ಏರಿಸುತ್ತಿದ್ದರು. ಅವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಮೂರೂ ಸೇರಿ ಕೊಳ್ಳೋಣ, ವರ್ಷಗಳ ಕರಾರು ಮಾಡೋಣ, ಯಾರ ಬಂದರಿಗೆ ಬಂದರೂ ಹಂಚಿಕೊಳ್ಳೋಣ ಅಂದರು. ಒಬ್ಬ ಮಂತ್ರಿ ಪ್ರತಿಷ್ಠೆಯ ಮಾತು ಎತ್ತಿದರಂತೆ. ಅದಕ್ಕೆ ಇವರು, ‘ಪ್ರತಿಷ್ಠೆ ಒಲೆ ಮೇಲಿಟ್ರೆ ನೀರು ಕಾಯುತ್ತಾ ನೋಡಿ’ ಅಂದರಂತೆ. ನನ್ನ ಕಿವಿಯಾರೆ ಕೇಳಿದ್ದಲ್ಲ, ಅವರ ಡ್ರೈವರ್ ಹೇಳಿದ್ದು, ಆದರೆ ನಂಬಬಹುದು. ಮೂವರು ಬಡವರು ಸೇರಿ ಒಬ್ಬ ಶ್ರೀಮಂತನಾದರು. ಮಾರುವವರು ತಾವಾಗಿಯೇ ಫೋನ್ ಮಾಡಿದರು. ಹಡಗು ಬಂತು.

ಆ ದಿನ ನೀನು ಇರಬೇಕಿತ್ತು. ಬಂದರಿನಿಂದ ಗ್ಯಾಸು ಬಿಟ್ಟ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಒಂದೊಂದೇ ಸ್ಟೇಷನ್ನಿನವರು ಫೋನ್ ಮಾಡಿ, ನಮ್ಮಲ್ಲಿಗೆ ಬಂತು, ನಿಮ್ಮ ಕಡೆ ಕಳಿಸಿದೀವಿ ಅನ್ನುತ್ತಿದ್ದರು, ಹೆಣ್ಣು ಒಪ್ಪಿಸಿ ಕಳಿಸುವ ಬೀಗರ ಹಾಗೆ. ನಾವು ಕೊನೆಯವರು. ಕಂಟ್ರೋಲ್ ರೂಮಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಡ್‌ಮಾಸ್ಟರು, ಲಾಂಡ್ರಿಯವಳು, ಆಸ್ಪತ್ರೆಯ ನರ್ಸು, ಯಾರನ್ನೂ ತಡೆಯಲು ನನಗೆ ಮನಸ್ಸು ಬರಲಿಲ್ಲ. ಅಮ್ಮನಿಗೆ ನನ್ನ ಕುರ್ಚಿ. ಮೀಟರಿನ ಮುಳ್ಳು ಒಮ್ಮೆ ನಡುಗಿತು. ನಿಂತಿತು. ಆಮೇಲೆ ಏರಿತು ಪುಟ್ಟಿ, ಏರುತ್ತಲೇ ಹೋಯಿತು. ಎಲ್ಲರೂ ಉಸಿರು ಬಿಟ್ಟ ಸದ್ದು ಮಾತ್ರ ಕೇಳಿಸಿತು. ಗೊಣಗಣ್ಣ ಹೊರಗೆ ಹೋದ, ಏನು ಅಂತ ನೋಡಿದರೆ ಬಣ್ಣದ ಡಬ್ಬಿ ಹಿಡಿದು ಪೈಪಿನ ಮೇಲಿನ ಹಳೇ ಬಾಣದ ಇನ್ನೊಂದು ತುದಿಗೂ ಮೊನೆ ಬರೆಯುತ್ತಿದ್ದಾನೆ. ಹೊಸ ಮೊನೆ ಸೊಟ್ಟಗಾಗಿದೆ. ಇರಲಿ, ಹಾಗೇ ಬಿಟ್ಟಿದ್ದೇನೆ.

ಸಂಜೆಗೆ ಮುಂಚೆ ಕಾರ್ಖಾನೆಯ ಸೈರನ್ ಕೂಗಿತು. ದೊಡ್ಡ ಕುಲುಮೆಗೆ ಪೂರ್ತಿ ಕಾವು ಬಂದಿತ್ತು. ನಿನ್ನ ಭಾವ ಮೊದಲ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅಮ್ಮನ ಮಡಿಲಲ್ಲಿಟ್ಟರು. ಇನ್ನೂ ಬೆಚ್ಚಗಿತ್ತು. ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ಕೂತಳು. ಕೋಟುಗಳನ್ನೆಲ್ಲ ಒಂದೊಂದಾಗಿ ಕಳಚಿದ್ದು ಅವತ್ತೇ. ಕೊನೆಗೆ ನೋಡಿದರೆ ಒಳಗಿದ್ದದ್ದು ಇಷ್ಟೇ ಇಷ್ಟು ಅಮ್ಮ.

ಈಗ ನಮ್ಮೂರಿನ ದೆಸೆಯೇ ತಿರುಗಿದೆ. ನಮ್ಮ ಪಾಲಿನಲ್ಲಿ ಮಿಕ್ಕಿದ್ದು ಗಡಿಯಾಚೆಯ ಇನ್ನೊಂದು ಸಣ್ಣ ದೇಶದ ಆಸ್ಪತ್ರೆಗಳಿಗೂ ಹೋಗುತ್ತಿದೆ. ಕೈಯೊಡ್ಡುತ್ತಿದ್ದವರು ಕೈಯೆತ್ತಿ ಕೊಡುವವರಾದೆವು. ಗುಡ್ಡದ ಮೇಲೆ ಗಾಳಿಯಂತ್ರ ಹಾಕುತ್ತೇವೆ, ಹಳೇ ಉಪ್ಪಿನ ಗಣಿಯಲ್ಲಿ ಗ್ಯಾಸು ಕೂಡಿಡುತ್ತೇವೆ ಅಂತ ವಾರಕ್ಕೊಂದು ತಂಡ ಬರುತ್ತದೆ. ಹಿಂದೆ ನನ್ನನ್ನು ಚಹಾ ಕುಡಿಸಿ ಕಳಿಸಿದವರೇ ಈಗ ನನ್ನ ಚಹಾಕ್ಕೆ ಕಾದು ಕೂರುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಮುಂದು. ನಾನೂ ಬಿಡುವುದಿಲ್ಲ, ಗಾಳಿಯಂತ್ರಕ್ಕೆ ಸಹಿ ಹಾಕಿಸಿಕೊಂಡೇ ಕಳಿಸಿದ್ದೇನೆ. ಯಾಕೆಂದರೆ ಹಡಗನ್ನೂ ಪೂರ್ತಿ ನಂಬುವ ಹಾಗಿಲ್ಲ ಅಂತ ಒಮ್ಮೆ ಕಲಿತಾಗಿದೆ. ಗಾಳಿ ಯಾರ ಪಕ್ಷವನ್ನೂ ಸೇರುವುದಿಲ್ಲ. ನನ್ನನ್ನು ಇಡೀ ಪೈಪ್‌ಲೈನಿನ ಮುಖ್ಯಸ್ಥೆ ಮಾಡಿದ್ದಾರೆ. ಅಪ್ಪ ಇದ್ದಿದ್ದರೆ ಮೀಸೆ ತಿರುವಿ ‘ಪರವಾಗಿಲ್ಲ’ ಅನ್ನುತ್ತಿದ್ದ, ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ನಿಮ್ಮ ಕಡೆ ಹೇಗಿದೆಯೋ. ಕೊಳ್ಳುವವರಿಲ್ಲದೆ ನಿಮ್ಮ ಸ್ಟೇಷನ್ನು ಅರ್ಧ ದಿನ ಮಾತ್ರ ನಡೆಯುತ್ತದೆ ಅಂತ ಕೇಳಿದೆ. ನಿನ್ನ ಕೆಲಸಕ್ಕೆ ಏನೂ ಆಗದಿರಲಿ. ನಮ್ಮ ಗೆಲುವು ನಿನ್ನ ಒಲೆಯನ್ನು ಆರಿಸುವ ಹಾಗಾದರೆ ಅದು ನನಗೆ ಗೆಲುವಲ್ಲ.

ಮಗಳು ಚೆನ್ನಾಗಿ ಓದಲಿ, ಗಟ್ಟಿಮುಟ್ಟಾಗಿ ಬೆಳೆಯಲಿ. ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಕೈ ತುಂಬ ಕೆಲಸವಿರಲಿ, ನೀವಿಬ್ಬರೂ ನೂರು ಕಾಲ ನಕ್ಕೊಂಡು ಜಗಳವಾಡಿಕೊಂಡು ಬಾಳಿ. ಅಮ್ಮ ನಿನ್ನ ನೆತ್ತಿ ಸವರಿದ್ದಾಳೆ ಅಂತ ಬರೆಯಲು ಹೇಳಿದಳು.

ನಿನ್ನ,
ಅಕ್ಕ

ಮ.ವಿ. — ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ಇಷ್ಟೆಲ್ಲ ಬರೆದದ್ದು ನಿಜ, ಸಂತೋಷವೂ ನಿಜ. ಆದರೆ ಬರೆಯದೆ ಬಿಟ್ಟದ್ದು ಒಂದಿದೆ.

ಉಳಿದದ್ದು ದೊಡ್ಡ ಕುಲುಮೆ. ಚಿಕ್ಕ ಕುಲುಮೆ, ನಿನ್ನ ಭಾವ ಕೈಯಾರೆ ಕಟ್ಟಿಸಿದ್ದು, ಅದು ಮೊದಲ ದಿನವೇ ಹೋಯಿತು. ಗ್ಯಾಸು ನಿಂತಾಗ ಅದರೊಳಗೆ ಗಾಜು ತುಂಬಿತ್ತು. ಅವತ್ತು ಬೆಳಿಗ್ಗೆಯೇ ಗೊತ್ತಾಗಿದ್ದರೂ ಗಾಜು ಹೊರಗೆ ಹರಿಸಿ, ನಿಧಾನವಾಗಿ ತಣಿಸಿ, ಮತ್ತೆ ಹಚ್ಚಬಹುದಿತ್ತು. ಹೆಪ್ಪುಗಟ್ಟಿ ಇಟ್ಟಿಗೆಯೆಲ್ಲ ಸೀಳಿತು. ಸುತ್ತಿಗೆಯಿಂದ ಒಡೆದು ಎಳೆದು ಹಾಕಿದರು. ಅಲ್ಲಿ ಗಾಜು ಊದುತ್ತಿದ್ದವರು ಊರು ಬಿಟ್ಟರು. ನಿನ್ನ ಭಾವ ಆ ಕಡೆಯ ಬಾಗಿಲಿನಿಂದ ಕಾರ್ಖಾನೆಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ.

ಗ್ಯಾಸು ನಿಂತ ದಿನದ ಬೆಳಿಗ್ಗೆ ಎಂದಿನ ಹಾಗೆ ನೀನೇ ಫೋನ್ ಮಾಡಿ ಪೈಪಿನ ಒತ್ತಡ ಎಷ್ಟಿದೆ ಅಂತ ಹೇಳಿದೆ. ಆಮೇಲೆ, ‘ಭಾವ ಇವತ್ತೂ ಚಿಕ್ಕ ಕುಲುಮೆ ಹತ್ರಾನೇ ಇರ್ತಾರಾ ಅಕ್ಕಾ?’ ಅಂದೆ. ಇನ್ನೆಲ್ಲಿರ್ತಾರೆ, ಅದೇ ಅವರ ಎರಡನೇ ಹೆಂಡತಿ ಅಂತ ನಾನು ನಕ್ಕೆ. ನೀನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟುಬಿಟ್ಟೆ. ಮಧ್ಯಾಹ್ನ ಮುಳ್ಳು ಇಳಿಯಿತು.

ನಿನಗೆ ಗೊತ್ತಿತ್ತಾ ಪುಟ್ಟಿ? ಸುಮ್ಮನೆ ಕೇಳಿದ್ದಾ, ಇಲ್ಲ ಹೇಳಬಾರದ್ದನ್ನು ಹೇಳಲು ನೋಡಿದೆಯಾ, ನಾನೇ ಕಿವುಡಿಯಾದೆನಾ? ಕೇಳಬೇಡ ಅಂತ ನಿನ್ನ ಭಾವ ಅನ್ನುತ್ತಾರೆ. ಮುಖ್ಯಸ್ಥೆ ಅಂತ ನನ್ನ ಹೆಸರು ಹೇಳಿದ ದಿನ ಎಲ್ಲರೂ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದಾಗಲೂ ನನಗೆ ಕೇಳಿಸಿದ್ದು ನಿನ್ನ ಆ ಮೌನ.

ಹೌದು ಅಥವಾ ಇಲ್ಲ, ಒಂದೇ ಪದ ಬರೆ. ಇಲ್ಲ ಅಂದರೆ ನಂಬುತ್ತೇನೆ. ಹೌದು ಅಂದರೂ ನೀನು ನನ್ನ ತಂಗಿಯೇ. ಸುಮ್ಮನೆ ಮಾತ್ರ ಇರಬೇಡ.